ಮೊದಲು ಹೂಂ ಅನ್ನಿ, ಹೌದು ಆಮೇಲೆ

ಜಪಾನಿ ಕಲಿಯುತ್ತಿರುವ ಓದುಗರು ಈ ಅಂಕಣಕ್ಕೆ ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ‘ಹೌದು ಅನ್ನುವುದಕ್ಕೆ ಹೈ ಎಂದು ಮೊದಲ ಪಾಠದಲ್ಲೇ ಕಲಿತೆವು. ಆದರೆ ಜಪಾನಿನವರು ತಮ್ಮತಮ್ಮಲ್ಲಿ ಮಾತಾಡುವುದನ್ನು ಕೇಳಿದರೆ ಉನ್ ಅನ್ನುತ್ತಾರೆ, ಏ ಅನ್ನುತ್ತಾರೆ, ಸೋ ದೆಸ್ ನೆ, ನರುಹೊದೊ, ಇನ್ನೂ ಏನೇನೋ ಬರುತ್ತವೆ. ಇವೆಲ್ಲ ಹೌದು ಅಂತಲೇನಾ? ಯಾವಾಗ ಯಾವುದು?’ ಬರೆಯುವವರು ಬಿಟಿಎಂ ಲೇಔಟಿನ ಪಿಜಿಗಳಲ್ಲಿರುವ ಸಾಫ್ಟ್‌ವೇರ್ ಹುಡುಗ ಹುಡುಗಿಯರು, ಜಪಾನಿಗೆ ಹೋಗಲು ತಯಾರಿ ನಡೆಸಿರುವ ನರ್ಸ್‌ಗಳು, ಬನಶಂಕರಿಯಿಂದ ಬಿಡದಿಗೆ ಕಂಪನಿ ಬಸ್ಸಿನಲ್ಲಿ ಓಡಾಡುವ ಎಂಜಿನಿಯರುಗಳು. ಇದನ್ನು ಬಿಡಿಸಿ ಹೇಳುವುದು ಬಾಕಿಯೇ ಉಳಿದಿತ್ತು.

ನಮ್ಮ ಕಡೆ ಈ ಭಾಷೆಗೆ ಇಷ್ಟು ಗಿರಾಕಿ ಬಂದದ್ದಕ್ಕೆ ಕಾರಣಗಳಿವೆ. ಟೊಯೊಟಾ ಕಿರ್ಲೋಸ್ಕರ್ 1997ರಲ್ಲಿ ಸ್ಥಾಪನೆಯಾಗಿ ಬಿಡದಿಯಲ್ಲಿ ಕಾರ್ಖಾನೆ ಎಬ್ಬಿಸಿತು. ಅದರ ಹಿಂದೆಯೇ ಬಿಡಿಭಾಗ ಮಾಡುವ ಜಪಾನಿ ಕಂಪನಿಗಳು ಬಂದವು. ಬೆಂಗಳೂರಿನ ನಮ್ಮ ಮೆಟ್ರೋದ ಮೊದಲ ಹಂತಕ್ಕೂ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತಕ್ಕೂ ಜಪಾನಿನ ಸಾಲ ಬಂದಿದೆ. ಐಟಿ ಕಂಪನಿಗಳಿಗೆ ಟೋಕಿಯೋ, ಒಸಾಕಾದ ಗ್ರಾಹಕರಿದ್ದಾರೆ. ನುರಿತ ಕೆಲಸಗಾರರನ್ನು ಕಳಿಸುವ ಬಗ್ಗೆ ಭಾರತ, ಜಪಾನ್ ಸರ್ಕಾರಗಳು 2021ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡ ಮೇಲೆ ವೃದ್ಧರ ಆರೈಕೆಯಂಥ ಕೆಲಸಗಳಿಗೂ ದಾರಿ ತೆರೆದಿದೆ. ಹಾಗಾಗಿ ಜಯನಗರ, ಜೆಪಿ ನಗರದ ಅಡ್ಡರಸ್ತೆಗಳಲ್ಲಿ ಟ್ಯೂಷನ್ ಬೋರ್ಡುಗಳ ನಡುವೆ ಜಪಾನಿ ತರಗತಿಯ ಬೋರ್ಡೂ ಕಂಡರೆ ಈಗ ಯಾರೂ ಅಚ್ಚರಿಪಡುವುದಿಲ್ಲ.

ಕಲಿಯುವವರೆಲ್ಲ ಕಣ್ಣಿಟ್ಟಿರುವುದು ಜಪಾನಿ ಭಾಷಾ ಸಾಮರ್ಥ್ಯ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯ ಮೇಲೆ. 1984ರಲ್ಲಿ ಶುರುವಾದ ಈ ಪರೀಕ್ಷೆಗೆ 2010ರಿಂದ ಐದು ಹಂತಗಳು. ಎನ್5 ಎಲ್ಲಕ್ಕಿಂತ ಸುಲಭ, ಎನ್1 ಎಲ್ಲಕ್ಕಿಂತ ಕಠಿಣ. ಅದರಲ್ಲಿ ಓದುವುದಿದೆ, ವ್ಯಾಕರಣವಿದೆ, ಕೇಳಿಸಿಕೊಂಡು ಉತ್ತರ ಗುರುತು ಮಾಡುವುದಿದೆ. ಬಾಯಿ ಬಿಟ್ಟು ಮಾತಾಡುವ ಭಾಗ ಮಾತ್ರ ಇಲ್ಲ. ಎನ್3 ಪಾಸಾದ ಹುಡುಗಿಯೊಬ್ಬಳಿಗೆ ಮುನ್ನೂರು ಕಾಂಜಿ ಅಕ್ಷರ ಬರೆಯುವುದು ಕಷ್ಟವಲ್ಲ. ಎದುರಿನ ಜಪಾನಿ ಮನುಷ್ಯ ಎರಡು ನಿಮಿಷ ಮಾತಾಡುವಾಗ ತಾನೇನು ಮಾಡಬೇಕು ಎನ್ನುವುದೇ ಕಷ್ಟ. ಅವಳು ನಮ್ಮ ಶಾಲೆಗಳಲ್ಲಿ ಕಲಿತಂತೆ ಕೈ ಕಟ್ಟಿ, ಕಣ್ಣಗಲಿಸಿ, ಸುಮ್ಮನೆ ಕೇಳುತ್ತಾಳೆ. ಆ ಮನುಷ್ಯ ನಡುವೆ ನಿಲ್ಲಿಸಿ ‘ಕಿಕೊಎಮಾಸ್ ಕಾ’ ಎಂದು ಕೇಳುತ್ತಾನೆ. ಕೇಳಿಸ್ತಾ ಇದೆಯಾ ಎಂದು. ಅವಳಿಗೆ ಎಲ್ಲವೂ ಕೇಳಿಸಿದೆ, ಮುಕ್ಕಾಲು ಭಾಗ ಅರ್ಥವೂ ಆಗಿದೆ. ಆದರೆ ಅದು ಆತನಿಗೆ ಗೊತ್ತಾಗುವುದು ಹೇಗೆ?

ಜಪಾನಿನಲ್ಲಿ ಕೇಳುವವರಿಗೂ ಕೆಲಸವಿದೆ. ಹೇಳುವವರ ಮಾತಿಗೆ ಆಗಾಗ ಸಣ್ಣ ಸಣ್ಣ ಸದ್ದುಗಳನ್ನು ಕೊಡುತ್ತಾ ಹೋಗಬೇಕು. ಇದಕ್ಕೆ ಅವರಲ್ಲಿ ಐಜುಚಿ ಎಂಬ ಹೆಸರೇ ಇದೆ. ಹೆಸರು ಬಂದದ್ದು ಕುಲುಮೆಯಿಂದ: ಕಾದ ಕಬ್ಬಿಣಕ್ಕೆ ಕಮ್ಮಾರ ಒಂದು ಪೆಟ್ಟು ಹಾಕಿದರೆ ಎದುರಿಗೆ ನಿಂತ ಶಿಷ್ಯ ಇನ್ನೊಂದು ಹಾಕುತ್ತಾನೆ, ಲಯ ತಪ್ಪದಂತೆ. ಶಿಷ್ಯ ಕೈ ನಿಲ್ಲಿಸಿದರೆ ಕಮ್ಮಾರನ ಕೈಯೂ ತಡೆಯುತ್ತದೆ. ಮಾತಿನಲ್ಲೂ ಅಷ್ಟೇ. ಹೈ, ಏ, ಉನ್ ಎನ್ನುವ ಆ ಸದ್ದುಗಳಲ್ಲಿ ಹೆಚ್ಚಿನವು ಒಪ್ಪಿಗೆಯಲ್ಲ. ‘ಕೇಳ್ತಾ ಇದೀನಿ, ಮುಂದೆ ಹೇಳಿ’ ಎನ್ನುವ ಸನ್ನೆ. ಒಪ್ಪಿಗೆಯೇ ಬೇರೆ, ಅದಕ್ಕೆ ಬೇರೆ ಮಾತುಗಳಿವೆ. ಈ ಎರಡನ್ನು ಬೇರೆಬೇರೆಯಾಗಿ ಹಿಡಿದುಕೊಂಡವರಿಗೆ ಮುಂದಿನದೆಲ್ಲ ಸಲೀಸು.

ನಾನು ಗಟ್ಟಿಯಾಗಿ ಹೇಳಬೇಕೆಂದಿರುವುದು ಇಷ್ಟು: ಕನ್ನಡದವರಿಗೆ ಇದು ಹೊಸ ವಿದ್ಯೆಯಲ್ಲ. ನಾವು ಜಪಾನಿಯನ್ನು ಇಂಗ್ಲಿಷಿನ ಮೂಲಕ ಕಲಿಯುತ್ತೇವೆ. ಹೈ ಎಂದರೆ ಯೆಸ್ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ, ಅಲ್ಲಿಂದಲೇ ತೊಡಕು. ಪಕ್ಕದಲ್ಲಿ ಹೂಂ ಎಂದು ಬರೆದುಕೊಂಡಿದ್ದರೆ ಅರ್ಧ ಸಮಸ್ಯೆ ಹುಟ್ಟುತ್ತಲೇ ಇರಲಿಲ್ಲ.

ನಂಬದಿದ್ದರೆ ಸಂಜೆ ಲಕ್ಷ್ಮಣ ರಾವ್ ಪಾರ್ಕಿನ ಬೆಂಚಿನ ಮೇಲೆ ಹತ್ತು ನಿಮಿಷ ಕುಳಿತು ಕಿವಿಗೊಡಿ. ವಾಕಿಂಗ್ ಮುಗಿಸಿದ ಇಬ್ಬರು ಹೆಂಗಸರ ಮಾತು ಹೀಗೆ ಸಾಗುತ್ತಿರುತ್ತದೆ. ‘ಮೊನ್ನೆ ಹುಡುಗನ ಮನೆಗೆ ಹೋಗಿದ್ವಾ…’ ‘ಹೂಂ.’ ‘ಮನೆ ಚೆನ್ನಾಗೇ ಇದೆ…’ ‘ಹೂಂ.’ ‘ಆದ್ರೆ ಹುಡುಗ ಒಂದು ಮಾತೂ ಆಡಲಿಲ್ಲ ಕಣ್ರೀ…’ ‘ಹೌದಾ!’ ‘ಅವರಮ್ಮನೇ ಎಲ್ಲ ಹೇಳ್ತಾರೆ…’ ‘ಅಯ್ಯೋ, ಹೂಂ.’ ಆ ಹೂಂ ಎನ್ನುವಾಕೆ ಯಾವುದನ್ನೂ ಒಪ್ಪಿಕೊಂಡಿಲ್ಲ. ಹುಡುಗ ಒಳ್ಳೆಯವನೋ ಅಲ್ಲವೋ ಎಂಬ ತೀರ್ಪು ಕೊಟ್ಟಿಲ್ಲ. ಮಾತು ಮುಂದೆ ಹೋಗಲು ಬೇಕಾದಷ್ಟು ಆಸರೆ ಕೊಟ್ಟಿದ್ದಾರೆ. ‘ಹೋಗಿದ್ವಾ’ ಎಂದು ಕೊನೆಯಲ್ಲಿ ಎಳೆಯುವ ಆ ‘ಆ’ಕಾರವನ್ನೂ ಗಮನಿಸಿ. ಅದು ಪ್ರಶ್ನೆಯಲ್ಲ, ಹೂಂ ಅನ್ನಿ ಎಂಬ ಕರೆ. ಹಿಂದೆ ಮನೆಗಳಲ್ಲಿ ರಾತ್ರಿ ಕಥೆ ಹೇಳುವ ಅಜ್ಜಿಯರು ‘ಹೂಂ ಅಂತಾ ಇರಬೇಕು, ಇಲ್ಲದಿದ್ರೆ ಕಥೆ ನಿಲ್ಲಿಸ್ತೀನಿ’ ಎಂದು ಮೊದಲೇ ಷರತ್ತು ಹಾಕುತ್ತಿದ್ದರು. ಹೂಂಗುಟ್ಟುವುದು ಎಂಬ ಕ್ರಿಯಾಪದವನ್ನೇ ಮಾಡಿಕೊಂಡ ಭಾಷೆ ನಮ್ಮದು.

ಈಗ ಜಪಾನಿಯ ಒಂದು ಸಾಧಾರಣ ಮಾತು ನೋಡಿ. ‘ಕಿನೋ ನೆ’ ಎಂದು ಶುರುಮಾಡುತ್ತಾರೆ, ನಿನ್ನೆ ಎಂದು. ಕೇಳುವವರು ‘ಉನ್’ ಅನ್ನುತ್ತಾರೆ. ‘ಎಕಿ ದೆ ನೆ’, ಸ್ಟೇಷನ್ನಿನಲ್ಲಿ, ಮತ್ತೆ ‘ಉನ್’. ‘ತೊಮೊದಾಚಿ ನಿ ಅತ್ತೆ’, ಸ್ನೇಹಿತ ಸಿಕ್ಕಿ, ‘ಉನ್ ಉನ್’. ನಮ್ಮ ‘ಆ’ಕಾರ ಮಾಡುವ ಕೆಲಸವನ್ನು ಅಲ್ಲಿ ‘ನೆ’ ಮಾಡುತ್ತದೆ. ನಮ್ಮ ‘ಹೋಗಿ, ನೋಡಿ, ಬಂದು’ ಸರಪಳಿಯಂತೆ ಅವರದು ‘ಇತ್ತೆ, ಮಿತೆ, ಕಿತೆ’. ಎರಡೂ ಭಾಷೆಗಳಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಮಾತು ಎತ್ತ ಹೋಗುತ್ತಿದೆ ಎಂದು ಕೊನೆಯವರೆಗೂ ಗೊತ್ತಾಗುವುದಿಲ್ಲ. ಆದ್ದರಿಂದ ನಡುನಡುವೆ ನಿಂತು, ಕೇಳುವವರು ಜೊತೆಗಿದ್ದಾರೆಯೇ ಎಂದು ನೋಡಿಕೊಂಡು ಮುಂದೆ ಹೋಗುವುದು ಸಹಜ. ಐಜುಚಿ ಎಲ್ಲಿ ಹಾಕಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇದೇ: ನೆ, ತೆ, ‘ಆದರೆ’ ಎನ್ನುವ ಕೆದೊ, ‘ಆದ್ದರಿಂದ’ ಎನ್ನುವ ಕರಾ ಎಂದು ಮಾತು ಒಂದಿಷ್ಟು ತಡೆಯುವ ಜಾಗಗಳಲ್ಲಿ. ಕನ್ನಡದಲ್ಲಿ ನೀವು ಹೂಂ ಅನ್ನುವ ಜಾಗಗಳೇ ಅವು. ಹಾಗೆಂದು ಎರಡೂ ಭಾಷೆಗಳು ದಾಯಾದಿಗಳು ಎಂದು ಹೊರಡಬೇಡಿ. ತಮಿಳಿಗೂ ಜಪಾನಿಗೂ ನಂಟಿದೆ ಎಂದು ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರು ಬಹುಕಾಲ ವಾದಿಸಿದರು. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಲಿಲ್ಲ. ನಂಟು ಇಲ್ಲದೆಯೂ ಅಚ್ಚು ಒಂದೇ ಆಗಿರಬಹುದು, ಕಲಿಯುವವರಿಗೆ ಅಷ್ಟು ಸಾಕು.

ಕೇಳುವವರ ಈ ಸದ್ದುಗಳ ಬಗ್ಗೆ ಪಂಡಿತರು ಸಾಕಷ್ಟು ಯೋಚಿಸಿದ್ದಾರೆ. 1970ರಲ್ಲಿ ಅಮೆರಿಕದ ವಿಕ್ಟರ್ ಇಂಗ್ವೆ ಇವಕ್ಕೆ ಬ್ಯಾಕ್ ಚಾನೆಲ್ ಎಂದು ಹೆಸರಿಟ್ಟರು. ಸೆಂಕೊ ಮೇನಾರ್ಡ್ ಎಂಬ ವಿದುಷಿ ಜಪಾನಿ ಮತ್ತು ಅಮೆರಿಕನ್ ಇಂಗ್ಲಿಷ್ ಸಂಭಾಷಣೆಗಳನ್ನು ಹೋಲಿಸಿ, ಜಪಾನಿನವರು ಇವನ್ನು ಅಮೆರಿಕದವರಿಗಿಂತ ಬಹಳ ಹೆಚ್ಚು ಬಳಸುತ್ತಾರೆಂದು ತೋರಿಸಿದರು. ನೊಬುಕೊ ಮಿಜುತಾನಿಯವರ ವಿವರಣೆ ನನಗೆ ಇನ್ನೂ ಹತ್ತಿರದ್ದು. ಒಬ್ಬರು ಪೂರ್ತಿ ಮುಗಿಸಿ, ಆಮೇಲೆ ಇನ್ನೊಬ್ಬರು ಶುರುಮಾಡುವುದು ಒಂದು ಬಗೆಯ ಮಾತುಕತೆ. ಇಬ್ಬರೂ ಸೇರಿ ಒಂದೇ ಮಾತನ್ನು ಕಟ್ಟುವುದು ಇನ್ನೊಂದು ಬಗೆ. ಅದನ್ನು ಅವರು ಕ್ಯೋವಾ ಎಂದು ಕರೆದರು. ಜಪಾನಿನವರ ಮಾತು ಎರಡನೆಯ ಬಗೆಯದು. ನಮ್ಮ ಮನೆಗಳ ಹಜಾರದ ಮಾತೂ ಅದೇ ಬಗೆಯದು ಎಂದು ನನಗೆ ಅನ್ನಿಸುತ್ತದೆ. ಆಫೀಸಿನ ಇಂಗ್ಲಿಷ್ ಬಂದ ಮೇಲೆ ನಾವು ಮೊದಲನೆಯ ಬಗೆಯನ್ನು ಕಲಿತೆವು, ಅದನ್ನೇ ಹೊತ್ತುಕೊಂಡು ಜಪಾನಿಗೂ ಹೋಗುತ್ತೇವೆ.

ಇನ್ನು ಒಂದೊಂದು ಮಾತನ್ನು ಹತ್ತಿರದಿಂದ ನೋಡೋಣ. ಹೈ ಎಂಬುದು ಒಂದೇ ಪದವಾದರೂ ಕನ್ನಡದ ನಾಲ್ಕೈದು ಪದಗಳ ಕೆಲಸ ಮಾಡುತ್ತದೆ. ಯಾರಾದರೂ ಹೆಸರು ಹಿಡಿದು ಕೂಗಿದರೆ ‘ಹೈ’; ಅದು ನಮ್ಮ ‘ಓ’, ಓಗೊಡುವುದು. ಮಾತಿನ ನಡುವೆ ‘ಹೈ’, ಅದು ಹೂಂ. ಕೈಗೆ ಏನಾದರೂ ಕೊಡುವಾಗ ‘ಹೈ’, ಅದು ತಗೊಳ್ಳಿ. ಅಪ್ಪಣೆಗೆ ‘ಹೈ’, ಅದು ಆಗ್ಲಿ. ನೇರ ಪ್ರಶ್ನೆಗೆ ‘ಹೈ’ ಎಂದಾಗ ಮಾತ್ರ ಅದು ಹೌದು. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಸಣ್ಣ ಕಾರ್ಖಾನೆ ನಡೆಸುವವರು ಬಿಡಿಭಾಗದ ಬೆಲೆ ವಿವರಿಸುವಾಗ ಎದುರಿನ ಜಪಾನಿ ಮೇಲಧಿಕಾರಿ ಪ್ರತಿ ವಾಕ್ಯಕ್ಕೂ ಹೈ, ಹೈ ಎಂದರೆ ಬೆಲೆ ಒಪ್ಪಿಗೆಯಾಯಿತು ಎಂದು ಎಣಿಸಿ ಸಂತೋಷದಿಂದ ಮನೆಗೆ ಬರುವುದುಂಟು. ಆತ ಅಲ್ಲಿಯವರೆಗೆ ಬೆಲೆ ಕೇಳಿಸಿಕೊಂಡಿದ್ದಾನೆ, ಅಷ್ಟೇ.

ಎಲ್ಲರನ್ನೂ ಕಾಡುವ ಜೋಡಿ ಎಂದರೆ ಸೋ ದೆಸ್ ಕಾ ಮತ್ತು ಸೋ ದೆಸ್ ನೆ. ‘ಮಿನ್ನಾ ನೊ ನಿಹೊಂಗೊ’ ಪುಸ್ತಕದ ಮೊದಮೊದಲ ಪಾಠಗಳಲ್ಲೇ ಸೋ ದೆಸ್ ಕಾ ಬರುತ್ತದೆ, ಇಂಗ್ಲಿಷ್ ಅರ್ಥ ಓದಿಕೊಂಡು ಮುಂದೆ ಹೋಗಿಬಿಡುತ್ತೇವೆ. ಭೇದ ಹಿಡಿಯುವುದಕ್ಕೆ ಕನ್ನಡವೇ ಸಾಕು. ನಿಮ್ಮ ಪಕ್ಕದ ಮನೆಗೆ ಹೊಸದಾಗಿ ಬಂದವರು ‘ನಮ್ಮ ತಾಯಿ ತೀರ್ಥಹಳ್ಳಿಯವರು’ ಎಂದರೆ ನೀವು ‘ಹೌದಾ!’ ಅನ್ನುತ್ತೀರಿ. ‘ಹೌದಲ್ವಾ’ ಅನ್ನುವುದಿಲ್ಲ, ಅಂದರೆ ಅವರಿಗೆ ಗಾಬರಿಯಾದೀತು, ಇವರಿಗೆ ಮೊದಲೇ ಹೇಗೆ ಗೊತ್ತು ಎಂದು. ಅದೇ ಅವರು ಏಪ್ರಿಲ್ ಮಧ್ಯಾಹ್ನ ‘ಎಂಥಾ ಸೆಕೆ ಅಲ್ವಾ’ ಎಂದಾಗ ‘ಹೌದಾ!’ ಎಂದರೆ ಆಭಾಸ; ‘ಹೂಂ ರೀ, ಹೌದು, ತಡೆಯೋಕಾಗಲ್ಲ’ ಎನ್ನಬೇಕು. ಮೊದಲನೆಯದು ಸೋ ದೆಸ್ ಕಾ, ಎರಡನೆಯದು ಸೋ ದೆಸ್ ನೆ. ಅವರಿಗೆ ಮಾತ್ರ ಗೊತ್ತಿದ್ದ ಸಂಗತಿ ಈಗ ನಿಮಗೂ ಗೊತ್ತಾಯಿತೆಂದರೆ ‘ಕಾ’. ಇಬ್ಬರ ಕಣ್ಣೆದುರೂ ಇರುವ ಸಂಗತಿ, ಇಬ್ಬರಿಗೂ ಅನ್ನಿಸಿದ್ದು ಎಂದರೆ ‘ನೆ’. ಜಪಾನಿನ ಅತಿಥಿಯೊಬ್ಬರು ತಮ್ಮ ಊರಿನ ಬಗ್ಗೆ ಹೇಳುತ್ತಿರುವಾಗ ಪ್ರತಿ ವಾಕ್ಯಕ್ಕೂ ಸೋ ದೆಸ್ ನೆ ಎನ್ನುವ ವಿದ್ಯಾರ್ಥಿಗಳನ್ನು ನೋಡಿದ್ದೇನೆ. ವಿನಯದಿಂದಲೇ ಹೇಳಿದ್ದು, ಕೇಳಿದವರಿಗೆ ಮಾತ್ರ ಎಲ್ಲ ಬಲ್ಲವರ ಮಾತಿನಂತೆ ಕೇಳಿಸುತ್ತದೆ.

ಈ ‘ನೆ’ಯನ್ನು ಬಿಟ್ಟುಬಿಟ್ಟರೂ ತೊಂದರೆಯೇ. ಊಟ ರುಚಿಯಾಗಿದೆ ಅಲ್ವಾ ಎಂದು ಅವರು ‘ಓಯಿಶೀ ದೆಸ್ ನೆ’ ಎಂದಾಗ ಬರೀ ‘ಸೋ ದೆಸ್’ ಎಂದರೆ, ಪರೀಕ್ಷಕರು ಉತ್ತರಕ್ಕೆ ಸರಿ ಗುರುತು ಹಾಕಿದಂತಾಗುತ್ತದೆ. ‘ನೀವು ಬೆಂಗಳೂರಿನವರಾ’ ಎಂಬ ಪ್ರಶ್ನೆಗೆ ಸೋ ದೆಸ್ ಸರಿ, ಅಲ್ಲಿ ನಿಮಗೆ ಗೊತ್ತಿರುವ ಸಂಗತಿಯನ್ನು ಖಚಿತ ಮಾಡುತ್ತಿದ್ದೀರಿ. ಭಾವನೆ ಹಂಚಿಕೊಳ್ಳುವಾಗ ನೆ ಬೇಕೇ ಬೇಕು. ಹಾಗೆಯೇ ‘ಯೊ’ ಎಂಬುದೊಂದಿದೆ. ನಮ್ಮ ‘ಕಣ್ರೀ’ಯ ಹತ್ತಿರದ್ದು. ನಿಮಗೆ ಗೊತ್ತಿಲ್ಲದ್ದನ್ನು ನಾನು ಹೇಳುತ್ತಿದ್ದೇನೆ ಎಂಬ ಧ್ವನಿ ಅದರಲ್ಲಿದೆ. ಹವೆಯ ಬಗ್ಗೆ ಅವರು ನೆ ಎಂದರೆ ನೀವು ಯೊ ಎನ್ನಬೇಡಿ.

ರಾಗವೂ ಮುಖ್ಯ, ಪುಸ್ತಕದಲ್ಲಿ ಅದು ಕಾಣುವುದಿಲ್ಲ. ಸೋ ದೆಸ್ ಕಾ ಎನ್ನುವಾಗ ಕೊನೆ ಇಳಿಯಬೇಕು. ಇಳಿದರೆ ‘ಹಾಗಾ, ತಿಳೀತು’, ಏರಿದರೆ ‘ನಿಜವಾಗಿಯೂನಾ?’ ಎಂಬ ಸಂಶಯ. ನಮ್ಮವರು ‘ಕಾ’ ಎಂದರೆ ಪ್ರಶ್ನೆ ಎಂದು ಕಲಿತಿರುವುದರಿಂದ ಅಭ್ಯಾಸಬಲದಿಂದ ಏರಿಸಿಬಿಡುತ್ತಾರೆ, ಹೇಳುತ್ತಿರುವವರು ಮಾತು ನಿಲ್ಲಿಸಿ ಸಮರ್ಥನೆಗೆ ತೊಡಗುತ್ತಾರೆ. ಸೋ ದೆಸ್ ನೆಯನ್ನು ಎಳೆದು ‘ಸೋ ದೆಸ್ ನೇ…’ ಎಂದರಂತೂ ಅದು ಒಪ್ಪಿಗೆಯೇ ಅಲ್ಲ. ‘ಏನು ಹೇಳೋದು… ನೋಡಿ…’ ಎಂದು ಯೋಚಿಸಲು ಸಮಯ ತೆಗೆದುಕೊಳ್ಳುವುದು. ಆಗ ಅವಸರಪಟ್ಟು ಇನ್ನೊಂದು ಪ್ರಶ್ನೆ ಹಾಕದೆ ಕಾಯಬೇಕು. ಆ ಮೌನದ ಆಚೆ ಬರುವ ಉತ್ತರ ಬಹಳ ಸಲ ‘ಆಗುವುದಿಲ್ಲ’ ಎಂದಿರುತ್ತದೆ.

ನರುಹೊದೊ ಎಂದರೆ ‘ಓಹೋ, ಹಾಗೋ ವಿಷಯ’. ವಿವರಣೆ ಮನಸ್ಸಿಗೆ ಹೊಕ್ಕಾಗ ಬರುವ ಮಾತು. ಕಾರ್ಟೂನ್, ಸಿನಿಮಾ ನೋಡಿ ಕಲಿತ ಹುಡುಗರಿಗೆ ಇದು ಬಹಳ ಇಷ್ಟ. ಗೆಳೆಯರಲ್ಲಿ ಧಾರಾಳವಾಗಿ ಹೇಳಿ. ಆದರೆ ಹಿರಿಯ ಅಧಿಕಾರಿ ಹೇಳಿಕೊಡುವಾಗ ಪದೇ ಪದೇ ನರುಹೊದೊ ಎನ್ನುವುದು, ಅವರ ವಿವರಣೆಯನ್ನು ನೀವು ತೂಗಿ ನೋಡಿ ಮೆಚ್ಚಿದಂತೆ ಕೇಳಬಹುದು ಎಂದು ಜಪಾನಿನ ನಡವಳಿಕೆಯ ಪುಸ್ತಕಗಳು ಎಚ್ಚರಿಸುತ್ತವೆ. ಅಲ್ಲಿ ಹೈ, ಸೋ ನನ್ ದೆಸ್ ಕಾ ಸಾಕು. ‘ತಶಿಕಾನಿ’ ಇದಕ್ಕಿಂತ ಒಂದು ಹೆಜ್ಜೆ ಮುಂದೆ: ‘ನೀವು ಹೇಳಿದ್ದು ನಿಜ, ಅದು ಹೌದು’ ಎಂಬ ನಿಜವಾದ ಸಮ್ಮತಿ.

ಮರ್ಯಾದೆಯ ಮೆಟ್ಟಿಲು ನಮಗೆ ಹೇಳಿಕೊಡಬೇಕಾಗಿಲ್ಲ. ಚಿಕ್ಕಂದಿನಲ್ಲಿ ಮೇಷ್ಟ್ರಿಗೆ ‘ಹೂಂ’ ಎಂದು ಬೈಸಿಕೊಂಡು ‘ಹೌದು ಸಾರ್’ ಕಲಿತವರು ನಾವು. ಉನ್ ಎನ್ನುವುದು ಮನೆಯವರಿಗೆ, ಗೆಳೆಯರಿಗೆ. ಏ ಎನ್ನುವುದು ಮೆದು, ಸಮಾನರಿಗೆ ಸಲ್ಲುತ್ತದೆ. ಹೈ ಎಲ್ಲ ಕಡೆಗೂ ಸುರಕ್ಷಿತ. ‘ಆಯ್ತು, ಮಾಡ್ತೀನಿ’ ಎನ್ನುವುದಕ್ಕೂ ಹೀಗೇ ಮೆಟ್ಟಿಲುಗಳಿವೆ. ಸಹೋದ್ಯೋಗಿಗೆ ರ್ಯೋಕಾಯ್ ದೆಸ್, ಸಾಮಾನ್ಯವಾಗಿ ವಕಾರಿಮಾಶ್ತಾ, ಮೇಲಧಿಕಾರಿಗೂ ಗ್ರಾಹಕರಿಗೂ ಶೋಚಿ ಶಿಮಾಶ್ತಾ, ಹೋಟೆಲಿನವರು ಗಿರಾಕಿಗೆ ಹೇಳುವುದು ಕಶಿಕೊಮಾರಿಮಾಶ್ತಾ. ಹೈಯನ್ನು ಎರಡು ಸಲ ಬೇಸರದ ದನಿಯಲ್ಲಿ ‘ಹೈ ಹೈ’ ಎಂದರೆ ನಮ್ಮ ‘ಆಯ್ತಾಯ್ತು ಬಿಡಿ’ ಆಗುತ್ತದೆ. ಹೈ ಒಂದೇ ಸಲ ಅನ್ನು ಎಂದು ಅಲ್ಲಿನ ತಾಯಂದಿರು ಮಕ್ಕಳನ್ನು ಗದರಿಸುತ್ತಾರೆ.

ಒಪ್ಪಿಗೆಯಂತೆ ಕಂಡು ಒಪ್ಪಿಗೆಯಲ್ಲದ ಮಾತುಗಳ ಬಗ್ಗೆ ಹೇಳಲೇಬೇಕು, ಏಕೆಂದರೆ ವ್ಯವಹಾರದಲ್ಲಿ ಪೆಟ್ಟು ಬೀಳುವುದು ಅಲ್ಲೇ. ‘ಕೆಂತೋ ಶಿಮಾಸ್’ ಎಂದರೆ ಪರಿಶೀಲಿಸುತ್ತೇವೆ ಎಂದು ಪುಸ್ತಕದ ಅರ್ಥ. ಬಸವನಗುಡಿಯ ಹಿರಿಯರೊಬ್ಬರು ‘ನೋಡೋಣ’ ಎಂದರೆ ನೀವು ಏನೆಂದು ತಿಳಿಯುತ್ತೀರಿ? ಹೆಚ್ಚುಕಡಿಮೆ ಅದೇ. ‘ಚೊತ್ತೊ ಮುಜುಕಶೀ ದೆಸ್ ನೆ’ ಎಂಬುದಕ್ಕೆ ಕನ್ನಡದಲ್ಲಿ ಪ್ರತಿಪದ ಅರ್ಥ ಬರೆದರೆ ‘ಸ್ವಲ್ಪ ಕಷ್ಟ ಅಲ್ವಾ’. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯವರು ‘ಈ ರೇಟಿಗೆ ಸ್ವಲ್ಪ ಕಷ್ಟ ಸಾರ್’ ಎಂದಾಗ ಸ್ವಲ್ಪವೇ ತಾನೇ, ಪ್ರಯತ್ನಿಸಿ ಎಂದು ನಾವು ವಾದಿಸುವುದಿಲ್ಲ. ಕೊಡುವುದಿಲ್ಲ ಎಂದು ಅರ್ಥವಾಗುತ್ತದೆ. ಜಪಾನಿಯಲ್ಲೂ ಅದು ‘ಇಲ್ಲ’ವೇ. ದಾಯ್‌ಜೋಬು ದೆಸ್ ಎನ್ನುವುದು ನಮ್ಮ ‘ಪರವಾಗಿಲ್ಲ’. ಕಾಫಿ ತಗೊಳ್ತೀರಾ ಎಂದಾಗ ‘ಪರವಾಗಿಲ್ಲ’ ಎಂದರೆ ಬೇಡ ಎಂದಲ್ಲವೇ? ದಾಯ್‌ಜೋಬೂ ಹಾಗೇ, ಕೆಕ್ಕೋ ದೆಸ್ ಕೂಡ ಹಾಗೇ. ಇನ್ನು ‘ಈ ದೆಸ್ ನೆ’ ಎಂದರೆ ಚೆನ್ನಾಗಿದೆ, ಆಗಲಿ ಎಂಬ ಮೆಚ್ಚುಗೆ. ‘ಈ ದೆಸ್ ಯೊ’ ಎಂದರೆ ನನ್ನ ಅಭ್ಯಂತರವಿಲ್ಲ. ಬರೀ ‘ಈ ದೆಸ್’ ಎಂದು ಕೈಯಾಡಿಸಿದರೆ ಸಾಕು, ಬೇಡ. ಇಷ್ಟು ಸೂಕ್ಷ್ಮ ಇಂಗ್ಲಿಷಿನಲ್ಲಿ ವಿವರಿಸಲು ಒಂದು ಪುಟ ಬೇಕು. ಕನ್ನಡದಲ್ಲಿ ಒಂದೊಂದೇ ಪದ ಸಾಕಾಯಿತು.

ಸ್ಪಷ್ಟವಾಗಿ ಒಪ್ಪಿಗೆ ಕೊಡುವುದಾದರೆ ಸೊನೊ ತೋರಿ ದೆಸ್, ಅಂದರೆ ನೀವು ಹೇಳಿದ ಹಾಗೆಯೇ. ಸಭೆಯಲ್ಲಿ ಸನ್‌ಸೇ ದೆಸ್, ನನ್ನ ಸಮ್ಮತಿ ಇದೆ. ಅಥವಾ ವತಾಶಿ ಮೊ ಸೋ ಒಮೊಯಿಮಾಸ್, ನನಗೂ ಹಾಗೇ ಅನ್ನಿಸುತ್ತದೆ. ವ್ಯವಹಾರದ ಮಾತಿನಲ್ಲಿ ಇವುಗಳಲ್ಲಿ ಒಂದು ಬರುವವರೆಗೆ, ಅಥವಾ ಕಾಗದದ ಮೇಲೆ ಬರುವವರೆಗೆ, ಒಪ್ಪಿಗೆಯಾಯಿತೆಂದು ಎಣಿಸಬೇಡಿ.

ನಕಾರದ ಪ್ರಶ್ನೆಗಳಲ್ಲೂ ಕನ್ನಡ ಕೈ ಹಿಡಿಯುತ್ತದೆ. ‘ಮೇಲ್ ಇನ್ನೂ ಬಂದಿಲ್ವಾ?’ ಎಂದು ಕೇಳಿದರೆ ನಾವು ‘ಹೂಂ, ಬಂದಿಲ್ಲ’ ಎನ್ನಬಹುದು, ‘ಇಲ್ಲ, ಬಂದಿಲ್ಲ’ ಎಂದರೂ ಸಲ್ಲುತ್ತದೆ. ಜಪಾನಿಯಲ್ಲಿ ಮೊದಲನೆಯದೇ ದಾರಿ: ‘ಹೈ, ಕಿತೆ ಇಮಾಸೆನ್.’ ನೀವು ಹೇಳಿದ್ದು ಸರಿ, ಬಂದಿಲ್ಲ ಎಂದು. ಇಂಗ್ಲಿಷಿನ ನೋ ತಲೆಯಲ್ಲಿಟ್ಟುಕೊಂಡು ಬರೀ ‘ಈಎ’ ಎಂದು ನಿಲ್ಲಿಸಿದರೆ ಮೇಲ್ ಬಂದಿದೆ ಎಂದು ಅರ್ಥವಾಗಿ ಅವರು ಹುಡುಕುತ್ತಾ ಕೂರುತ್ತಾರೆ.

ಕನ್ನಡ ಕೈಕೊಡುವ ಜಾಗವೂ ಒಂದಿದೆ, ಅದು ನಾಲಗೆಯಲ್ಲಲ್ಲ, ಕುತ್ತಿಗೆಯಲ್ಲಿ. ನಾವು ಸರಿ ಎನ್ನುವುದಕ್ಕೆ ತಲೆಯನ್ನು ಭುಜದ ಕಡೆಗೆ ಆಚೆ ಈಚೆ ವಾಲಿಸುತ್ತೇವೆ. ಜಪಾನಿನಲ್ಲಿ ತಲೆಯನ್ನು ಪಕ್ಕಕ್ಕೆ ವಾಲಿಸಿದರೆ ‘ಯಾಕೋ ಸಂಶಯ’ ಎಂದರ್ಥ. ಮೇಲಧಿಕಾರಿ ಕೆಲಸ ವಿವರಿಸುತ್ತಿದ್ದಾನೆ, ನಮ್ಮ ಹುಡುಗ ಬಾಯಲ್ಲಿ ಹೈ ಎನ್ನುತ್ತಾ ತಲೆ ವಾಲಿಸುತ್ತಾನೆ. ಆ ಮನುಷ್ಯನಿಗೆ ಒಪ್ಪಿಗೆಯೂ ಅನುಮಾನವೂ ಒಟ್ಟಿಗೆ ಕಾಣುತ್ತವೆ. ಮತ್ತೆ ವಿವರಿಸುತ್ತಾನೆ, ಹುಡುಗ ಮತ್ತೆ ವಾಲಿಸುತ್ತಾನೆ. ಮೇಲಿನಿಂದ ಕೆಳಕ್ಕೆ ಸಣ್ಣದಾಗಿ ತಲೆಯಾಡಿಸುವುದನ್ನು ಕನ್ನಡಿಯ ಮುಂದೆ ನಿಂತು ರೂಢಿ ಮಾಡಿಕೊಳ್ಳಿ. ಪದಗಳಿಗಿಂತ ಇದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ.

ಇತ್ತೀಚಿನ ವರ್ಷಗಳಲ್ಲಿ ದೊಡ್ಡ ಅಡ್ಡಿಯಾಗಿರುವುದು ಮ್ಯೂಟ್ ಗುಂಡಿ. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ ಹತ್ತಾದಾಗ ಇಲ್ಲಿ ಆರೂವರೆ. ಬಿಟಿಎಂನ ಕೋಣೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ, ಕೆಳಗೆ ತರಕಾರಿ ಗಾಡಿಯವರ ಧ್ವನಿ. ಶಿಸ್ತಿನ ಹುಡುಗರೆಲ್ಲ ಮ್ಯೂಟ್ ಮಾಡಿ ಕೂರುತ್ತಾರೆ, ಕ್ಯಾಮೆರಾನೂ ಆರಿಸಿರುತ್ತಾರೆ. ಇಂಗ್ಲಿಷ್ ಮೀಟಿಂಗಿನಲ್ಲಿ ಅದು ಸಭ್ಯತೆ. ಟೋಕಿಯೋದಲ್ಲಿ ಮಾತಾಡುತ್ತಿರುವ ವ್ಯಕ್ತಿಗೆ ಮಾತ್ರ ಬಾವಿಗೆ ಮಾತಾಡಿದ ಹಾಗಿರುತ್ತದೆ. ಹತ್ತಾರು ಜನರ ಸಭೆಯಾದರೆ ಮ್ಯೂಟ್ ಇರಲಿ, ಆದರೆ ಕ್ಯಾಮೆರಾ ಹಚ್ಚಿ ತಲೆಯಾಡಿಸಿ. ಇಬ್ಬರು ಮೂವರ ಮಾತುಕತೆಯಾದರೆ ಕುಕ್ಕರ್ ಆರಿಸಿ, ಮ್ಯೂಟ್ ತೆಗೆದು, ಹೈ ಎನ್ನುತ್ತಾ ಇರಿ. ಭಾಷೆ ಅರೆಬರೆ ಬರುವವರೊಂದಿಗೂ ಜಪಾನಿನವರು ಹಿಗ್ಗಿನಿಂದ ಮಾತಾಡುವುದನ್ನು ಕಂಡಿದ್ದೇನೆ. ಅಂಥವರು ತಪ್ಪದೆ ಹೂಂಗುಟ್ಟುವವರು.

ಅತಿಯೂ ಬೇಡ. ಪ್ರತಿ ಪದಕ್ಕೂ ಉನ್ ಉನ್ ಎಂದರೆ ಬೇಗ ಮುಗಿಸಿ ಎಂದಂತೆ. ಪ್ರಾಂತ್ಯಕ್ಕೊಂದು ಬಗೆ ಇರುವುದೂ ಸಹಜ. ಧಾರವಾಡದವರು ‘ಖರೇನ್ರೀ’, ‘ಹೌದ್ ನೋಡ್ರಿ’ ಎನ್ನುವ ಹಾಗೆ, ಮಂಗಳೂರಿನವರು ‘ಹೌದಾ ಮಾರಾಯ್ರೆ’ ಎನ್ನುವ ಹಾಗೆ, ಒಸಾಕಾದವರು ‘ಹೊನ್ಮಾ’, ‘ಸೆಯಾ ನಾ’ ಎನ್ನುತ್ತಾರೆ. ಕೇಳಿ ಸಂತೋಷಪಡಿ, ಕಲಿಯುವ ಮೊದಲ ವರ್ಷಗಳಲ್ಲಿ ಅನುಕರಿಸಲು ಹೋಗದಿರುವುದು ಒಳ್ಳೆಯದು.

ಅಭ್ಯಾಸಕ್ಕೆ ಒಂದು ದಾರಿ ಹೇಳಿ ಮುಗಿಸುತ್ತೇನೆ. ಇಬ್ಬರು ಸ್ನೇಹಿತರು ಕೂಡಿ. ಒಬ್ಬರು ಕನ್ನಡದಲ್ಲೇ ನಿನ್ನೆಯ ಸಂಗತಿ ಹೇಳಲಿ, ರಾಗಿಗುಡ್ಡದ ಜಾತ್ರೆಯೋ ಆಫೀಸಿನ ಜಗಳವೋ. ಇನ್ನೊಬ್ಬರು ಹೂಂ ಅನ್ನುವ ಕಡೆ ಹೈ, ಹೌದಾ ಅನ್ನುವ ಕಡೆ ಸೋ ದೆಸ್ ಕಾ, ಹೌದಲ್ವಾ ಅನ್ನುವ ಕಡೆ ಸೋ ದೆಸ್ ನೆ ಹಾಕುತ್ತಾ ಹೋಗಲಿ. ವ್ಯಾಕರಣದ ಭಾರವಿಲ್ಲದೆ ಲಯ ಕುದುರುತ್ತದೆ. ಆಮೇಲೆ ಹೇಳುವವರೂ ಜಪಾನಿಗೆ ಹೊರಳಲಿ. ನಮ್ಮ ಊರಿನಲ್ಲಿ ಜಪಾನಿ ಕಲಿಸುತ್ತಿರುವ ಮೇಷ್ಟರುಗಳಲ್ಲಿ, ಮೇಡಮ್ಮುಗಳಲ್ಲಿ ನನ್ನದೊಂದು ಕೋರಿಕೆ: ತರಗತಿಯಲ್ಲಿ ಕನ್ನಡ ಬಲ್ಲ ಮಕ್ಕಳಿದ್ದರೆ ಹೈಗೆ ಯೆಸ್ ಎಂದು ಬೋರ್ಡಿನ ಮೇಲೆ ಬರೆಯಬೇಡಿ, ಹೂಂ ಎಂದು ಬರೆಯಿರಿ. ಪರೀಕ್ಷೆಯಲ್ಲಿ ಮಾತಿನ ಭಾಗ ಇಲ್ಲವೆಂದು ಇದನ್ನು ಮುಂದಕ್ಕೆ ಹಾಕದೆ ಮೊದಲ ವಾರದಲ್ಲೇ ಕಲಿಸಿರಿ.